ಚುನಾವಣೆಯ ದುಡ್ಡು: ಕೋಲಾರದ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಊರುಗಳಲ್ಲಿ ಮತದಾರರ ಜಾಗೃತಿ ಸಭೆ ನಡೆಸುವಾಗ, ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ದುಡ್ಡಿನವೇ. ಬರೆದು ಕಳಿಸಿದವರ ಪ್ರಶ್ನೆಗಳನ್ನೂ ಸೇರಿಸಿಕೊಂಡು, ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದವು

ಪಾರ್ಟಿಗಳಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬರುತ್ತೆ ಸಾರ್?

ಸದಸ್ಯತ್ವ ಶುಲ್ಕ, ಕೂಪನ್ ಮಾರಾಟ, ಠೇವಣಿಗಳ ಬಡ್ಡಿ, ಕಟ್ಟಡಗಳ ಬಾಡಿಗೆ ಇವೆಲ್ಲ ಪಕ್ಷದ ಆದಾಯದ ಪಟ್ಟಿಯಲ್ಲಿರುತ್ತವೆ. ಆದರೆ ದೊಡ್ಡ ಪಕ್ಷಗಳನ್ನು ನಡೆಸುವುದು ದೇಣಿಗೆ, ಅದರಲ್ಲೂ ಕಂಪನಿಗಳಿಂದ ಮತ್ತು ಚುನಾವಣಾ ಟ್ರಸ್ಟ್‌ಗಳ (ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಕೊಡುವ ಸಂಸ್ಥೆಗಳು) ಮೂಲಕ ಬರುವ ದೇಣಿಗೆ. ನೋಂದಾಯಿತ ಪಕ್ಷವು ಲೆಕ್ಕಪುಸ್ತಕ ಇಟ್ಟು, ಲೆಕ್ಕಪರಿಶೋಧನೆ ಮಾಡಿಸಿ, ಆದಾಯ ತೆರಿಗೆ ವಿವರವನ್ನೂ ದೇಣಿಗೆಯ ವರದಿಯನ್ನೂ ಹೊತ್ತಿಗೆ ಸರಿಯಾಗಿ ಸಲ್ಲಿಸಿದರೆ ಈ ಆದಾಯಕ್ಕೆ ತೆರಿಗೆ ಇಲ್ಲ. ವಿದೇಶಿ ಮೂಲದ ಹಣವನ್ನು ಪಡೆಯುವಂತಿಲ್ಲ. ಸರ್ಕಾರಿ ಕಂಪನಿಗಳು ಪಕ್ಷಗಳಿಗೆ ಕೊಡುವಂತಿಲ್ಲ.

ಒಬ್ಬರು ಇಪ್ಪತ್ತು ಸಾವಿರ ಅಂತಾರೆ, ಇನ್ನೊಬ್ಬರು ಎರಡು ಸಾವಿರ ಅಂತಾರೆ. ಯಾವುದು ಸರಿ?

ಎರಡೂ ಸರಿ. ಅವು ಎರಡು ಬೇರೆ ಬೇರೆ ಕಾನೂನುಗಳ ಮಾತು, ಹಾಗಾಗಿಯೇ ಈ ಗೊಂದಲ.

ಎರಡು ಸಾವಿರದ ಮಿತಿ ನಗದಿಗೆ ಸಂಬಂಧಿಸಿದ್ದು. 2017ರ ಹಣಕಾಸು ಕಾಯ್ದೆಯಿಂದೀಚೆಗೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ಪಕ್ಷವು ನಗದಾಗಿ ಪಡೆದರೆ ತೆರಿಗೆ ವಿನಾಯಿತಿಯನ್ನು ಕಳೆದುಕೊಳ್ಳುತ್ತದೆ. ಇಪ್ಪತ್ತು ಸಾವಿರದ ಮಿತಿ ಹೆಸರಿಗೆ ಸಂಬಂಧಿಸಿದ್ದು. ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಂ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಂದ 20,000 ರೂಪಾಯಿಗಿಂತ ಹೆಚ್ಚು ಬಂದರೆ ಆ ದಾನಿಯ ವಿವರವನ್ನು ಪಕ್ಷವು ಚುನಾವಣಾ ಆಯೋಗಕ್ಕೆ ಕೊಡಬೇಕು. ಇದರ ಅರ್ಥ ಹೀಗಾಗುತ್ತದೆ: 19,000 ರೂಪಾಯಿಯ ಚೆಕ್ ಕೊಟ್ಟವರ ಹೆಸರು ಬ್ಯಾಂಕಿಗೂ ಪಕ್ಷಕ್ಕೂ ಗೊತ್ತಿರುತ್ತದೆ, ಓಟು ಹಾಕುವ ನಮಗೆ ಮಾತ್ರ ಗೊತ್ತಾಗುವುದಿಲ್ಲ. ಒಂದು ದೊಡ್ಡ ಮೊತ್ತವನ್ನು ಹತ್ತಾರು ಹೆಸರುಗಳಲ್ಲಿ ಸಣ್ಣ ಸಣ್ಣದಾಗಿ ಒಡೆದು ತೋರಿಸಿದರೆ ಅದನ್ನು ಹಿಡಿಯುವ ಸುಲಭದ ದಾರಿ ಹೊರಗಿನವರಿಗೆ ಇಲ್ಲ, ಮತ್ತು ಈ ಕಿಂಡಿಯನ್ನು ಮುಚ್ಚುವುದು ಕಷ್ಟದ ಕೆಲಸವೇನೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಎಲ್‌ಎ ಎಲೆಕ್ಷನ್‌ಗೆ ನಲವತ್ತು ಲಕ್ಷ ಮಾತ್ರ ಖರ್ಚು ಮಾಡಬೇಕಂತೆ, ನಿಜಾನಾ?

ನಿಜ. 2022ರ ಜನವರಿಯಲ್ಲಿ ಪರಿಷ್ಕರಿಸಿದ ಮಿತಿಯಂತೆ ಕರ್ನಾಟಕದಲ್ಲಿ ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿ, ಲೋಕಸಭೆಯ ಅಭ್ಯರ್ಥಿಗೆ 95 ಲಕ್ಷ ರೂಪಾಯಿ. ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುವ ಕೋಲಾರ ವಿಧಾನಸಭಾ ಕ್ಷೇತ್ರದಲ್ಲಿ ಈ ಮಿತಿಯನ್ನು ಹಂಚಿ ನೋಡಿದರೆ ತಲೆಗೆ ಇಪ್ಪತ್ತು ರೂಪಾಯಿಯೂ ಬೀಳುವುದಿಲ್ಲ. ಲೋಕಸಭೆಗೆ ಇನ್ನೂ ಕಡಿಮೆ: ಕೋಲಾರ ಲೋಕಸಭಾ ಕ್ಷೇತ್ರದೊಳಗೆ ನಮ್ಮ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಮತ್ತು ಚಿಂತಾಮಣಿಯೂ ಸೇರಿವೆ, ಅಷ್ಟೂ ಊರುಗಳಿಗೆ 95 ಲಕ್ಷ.

ಈ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶ ಘೋಷಣೆಯಾದ ದಿನಕ್ಕೆ. ಅದಕ್ಕೂ ಆರು ತಿಂಗಳು ಮೊದಲು ಟಿಕೆಟ್ ಆಕಾಂಕ್ಷಿಗಳು ಹಬ್ಬದ ನೆಪದಲ್ಲಿ ಹಂಚುವ ಸೀರೆ, ಕುಕ್ಕರ್, ಪ್ರತಿ ವೃತ್ತದಲ್ಲಿ ಕಟ್ಟುವ ಶುಭಾಶಯದ ಫ್ಲೆಕ್ಸ್ ಈ 40 ಲಕ್ಷದೊಳಗೆ ಬರುವುದಿಲ್ಲ. ಮೊದಲೇ ಮುದ್ರಿಸಿಟ್ಟುಕೊಂಡ ಕರಪತ್ರವನ್ನು ನಾಮಪತ್ರ ಸಲ್ಲಿಸಿದ ಮೇಲೆ ಹಂಚಿದರೆ ಮಾತ್ರ ಅದರ ಬೆಲೆ ಲೆಕ್ಕಕ್ಕೆ ಸೇರುತ್ತದೆ.

ಗ್ರಾಮ ಪಂಚಾಯಿತಿ ಎಲೆಕ್ಷನ್‌ಗೂ ಇದೇ ನಿಯಮಾನಾ?

ಅಲ್ಲ. ಪಂಚಾಯಿತಿ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲವಾದ್ದರಿಂದ, ಪಕ್ಷದ ಹಣ ಊರೊಳಗೆ ಓಡಾಡಿದರೂ ಅದು ಯಾವ ಪಕ್ಷದ ಲೆಕ್ಕದಲ್ಲೂ ಕಾಣಿಸಿಕೊಳ್ಳುವುದಿಲ್ಲ.

## ಪ್ರಚಾರದ ದಿನಗಳ ಪ್ರಶ್ನೆಗಳು

ಸಾವಿರ ಕುರ್ಚಿ ಹಾಕ್ಸಿ ನೂರು ಅಂತ ಬರೆಸಿದ್ರೆ ಯಾರು ಕೇಳ್ತಾರೆ?

ಕೇಳುವವರಿದ್ದಾರೆ. ಈ ಭಾಗದಲ್ಲಿ ವ್ಯವಸ್ಥೆ ಜನರು ಅಂದುಕೊಂಡಿರುವುದಕ್ಕಿಂತ ಬಿಗಿಯಾಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಭ್ಯರ್ಥಿಯು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣಾ ವೆಚ್ಚಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. 10,000 ರೂಪಾಯಿಗಿಂತ ಹೆಚ್ಚಿನ ಪಾವತಿಯನ್ನು ನಗದಾಗಿ ಮಾಡುವಂತಿಲ್ಲ. ಅವರಿಗೊಂದು ಲೆಕ್ಕದ ಪುಸ್ತಕ ಕೊಡುತ್ತಾರೆ. ಅದರಲ್ಲಿ ಬಿಳಿ ಹಾಳೆಗಳು ದಿನವಹಿ ಖರ್ಚಿಗೆ, ಗುಲಾಬಿ ಹಾಳೆಗಳು ನಗದಿಗೆ, ಹಳದಿ ಹಾಳೆಗಳು ಬ್ಯಾಂಕ್ ವ್ಯವಹಾರಕ್ಕೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಈ ಪುಸ್ತಕವನ್ನು ತಪಾಸಣೆಗೆ ಒಪ್ಪಿಸಬೇಕು.

ಇದಕ್ಕೆ ಎದುರಾಗಿ ಸರ್ಕಾರದ ಕಡೆಯಲ್ಲಿ ಇನ್ನೊಂದು ಪುಸ್ತಕ ಬೆಳೆಯುತ್ತಿರುತ್ತದೆ, ಅದನ್ನು ಶ್ಯಾಡೋ ರಿಜಿಸ್ಟರ್ ಎನ್ನುತ್ತಾರೆ. ಬಹಿರಂಗ ಸಭೆಗೆ ಬರುವ ವಿಡಿಯೊ ತಂಡದವರು ವೇದಿಕೆಯ ಅಳತೆ, ಕುರ್ಚಿ, ಶಾಮಿಯಾನ, ಧ್ವನಿವರ್ಧಕ, ಬಂದ ವಾಹನಗಳ ನಂಬರು, ಕಟೌಟುಗಳ ಎತ್ತರ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಾರೆ. ಮುಳಬಾಗಿಲು ಕಡೆಯ ಒಂದು ಸಭೆಯಲ್ಲಿ ಕ್ಯಾಮೆರಾ ಹಿಡಿದ ಹುಡುಗನೊಬ್ಬ ಭಾಷಣದ ಕಡೆ ತಿರುಗಿಯೂ ನೋಡದೆ, ಕುರ್ಚಿಗಳ ಸಾಲುಗಳನ್ನು ಒಂದೊಂದಾಗಿ ಬಾಯಲ್ಲಿ ಎಣಿಸುತ್ತಾ ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ. ಅವನ ಎಣಿಕೆಯೂ ಆ ಚಿತ್ರದಲ್ಲೇ ದಾಖಲಾಗುತ್ತಿತ್ತು. ಹೀಗೆ ಎಣಿಸಿದ್ದಕ್ಕೆಲ್ಲ ಬೆಲೆ ಕಟ್ಟುವುದು ಅಭ್ಯರ್ಥಿ ತಂದ ಬಿಲ್ಲಿನಂತೆ ಅಲ್ಲ. ಕುರ್ಚಿಗಿಷ್ಟು, ಫ್ಲೆಕ್ಸಿಗೆ ಚದರಡಿಗಿಷ್ಟು, ಊಟಕ್ಕಿಷ್ಟು, ಕಾಫಿಗಿಷ್ಟು ಎಂದು ಜಿಲ್ಲಾಧಿಕಾರಿಯವರು ಪಕ್ಷಗಳ ಸಭೆ ಕರೆದು ತಿಳಿಸುವ ದರಪಟ್ಟಿ ಇರುತ್ತದೆ. ಅಭ್ಯರ್ಥಿಯ ಪುಸ್ತಕಕ್ಕೂ ಶ್ಯಾಡೋ ರಿಜಿಸ್ಟರಿಗೂ ವ್ಯತ್ಯಾಸ ಬಂದರೆ ನೋಟಿಸು ಹೋಗುತ್ತದೆ, ಸಮಾಧಾನಕರ ಉತ್ತರ ಬಾರದಿದ್ದರೆ ಬಿಟ್ಟುಹೋದ ಮೊತ್ತ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

ಈ ತಂಡಗಳು ಹಿಡಿಯಲಾಗದ ಖರ್ಚು ಕ್ಯಾಮೆರಾದ ಮುಂದೆ ನಡೆಯುವಂಥದ್ದಲ್ಲ, ಕತ್ತಲಲ್ಲಿ ಮನೆಬಾಗಿಲಿಗೆ ಬರುವಂಥದ್ದು.

ದೊಡ್ಡ ಲೀಡರ್ ಹೆಲಿಕಾಪ್ಟರ್‌ನಲ್ಲಿ ಬಂದ್ರೆ ಆ ಖರ್ಚು ಯಾರ ತಲೆಗೆ?

ಆ ನಾಯಕರ ಹೆಸರು ಪಕ್ಷವು ಆಯೋಗಕ್ಕೆ ಕೊಟ್ಟ ತಾರಾ ಪ್ರಚಾರಕರ ಪಟ್ಟಿಯಲ್ಲಿದ್ದರೆ ಪ್ರಯಾಣದ ಖರ್ಚು ಪಕ್ಷದ್ದು, ಅಭ್ಯರ್ಥಿಯದ್ದಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ 40, ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ 20 ಹೆಸರುಗಳ ಅವಕಾಶವಿದೆ. ಆದರೆ ಇಳಿದು ಬಂದ ನಾಯಕರ ಜೊತೆ ಅಭ್ಯರ್ಥಿಯೂ ವೇದಿಕೆ ಹತ್ತಿದರೆ, ಇಲ್ಲವೇ ಅವರ ಹೆಸರು, ಭಾವಚಿತ್ರ ಅಲ್ಲಿ ಕಾಣಿಸಿಕೊಂಡರೆ ಸಭೆಯ ಖರ್ಚು ಅಭ್ಯರ್ಥಿಯ ಪಾಲಿಗೆ ಬರುತ್ತದೆ, ಹಲವು ಅಭ್ಯರ್ಥಿಗಳಿದ್ದರೆ ಅವರ ನಡುವೆ ಹಂಚಿಕೆಯಾಗುತ್ತದೆ. ಮಾಲೂರು, ಬಂಗಾರಪೇಟೆ, ಕೋಲಾರ ಮೂರಕ್ಕೂ ಸೇರಿಸಿ ನಡೆಯುವ ಸಭೆಯಲ್ಲಿ ಕೆಲವೊಮ್ಮೆ ಅಭ್ಯರ್ಥಿಗಳು ಜನರ ಮಧ್ಯೆಯೇ ಕುಳಿತುಬಿಡುವುದಕ್ಕೆ ಈ ನಿಯಮವೂ ಒಂದು ಕಾರಣ.

ಟೊಮೇಟೊ ಮಾರಿದ ದುಡ್ಡು ಚೆಕ್‌ಪೋಸ್ಟ್‌ನಲ್ಲಿ ಹಿಡ್ಕೊಂಡ್ರೆ ವಾಪಸ್ ಬರುತ್ತಾ?

ಬರುತ್ತದೆ, ಆದರೆ ಕಾಗದ ಬೇಕು. ನೀತಿ ಸಂಹಿತೆ ಜಾರಿಯಲ್ಲಿರುವಾಗ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವವರು ಅದರ ಮೂಲಕ್ಕೂ ಉದ್ದೇಶಕ್ಕೂ ದಾಖಲೆ ತೋರಿಸಬೇಕು. ಕೋಲಾರದ ಎಪಿಎಂಸಿಗೆ ಮಾಲು ಹಾಕಿದ ರೈತರು ಮಂಡಿಯವರು ಕೊಟ್ಟ ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು. ಆಂಧ್ರದ ಕಡೆಯಿಂದ ನಂಗಲಿ ದಾರಿಯಲ್ಲಿ ಬರುವ ವ್ಯಾಪಾರಿಗಳು ಬ್ಯಾಂಕಿನಿಂದ ಹಣ ತೆಗೆದ ಚೀಟಿಯನ್ನಾಗಲಿ ಖರೀದಿಯ ಪತ್ರವನ್ನಾಗಲಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಹಾಗೂ ಹಣ ಜಪ್ತಿಯಾದರೆ ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ದೂರು ಪರಿಹಾರ ಸಮಿತಿ ಇರುತ್ತದೆ. ಆ ಹಣಕ್ಕೂ ಯಾವುದೇ ಅಭ್ಯರ್ಥಿಗೂ ಪಕ್ಷಕ್ಕೂ ನಂಟಿಲ್ಲವೆಂದು ಕಂಡುಬಂದರೆ ಸಮಿತಿಯೇ ಬಿಡುಗಡೆಗೆ ಆದೇಶಿಸುತ್ತದೆ. ಮೊತ್ತ 10 ಲಕ್ಷ ದಾಟಿದರೆ ಆದಾಯ ತೆರಿಗೆ ಇಲಾಖೆಗೂ ತಿಳಿಸುತ್ತಾರೆ.

ರೈತನಿಗೆ ಇದು ಕಿರಿಕಿರಿಯೇ, ಒಪ್ಪುತ್ತೇನೆ. ಆದರೆ 2023ರ ವಿಧಾನಸಭಾ ಚುನಾವಣೆಯ ವೇಳೆ ನಮ್ಮದೇ ಬಂಗಾರಪೇಟೆ ಕ್ಷೇತ್ರದಲ್ಲಿ ಚುನಾವಣಾ ತಪಾಸಣೆಯ ಸಂಚಾರಿ ದಳಕ್ಕೆ (ಫ್ಲೈಯಿಂಗ್ ಸ್ಕ್ವಾಡ್) 4 ಕೋಟಿ ರೂಪಾಯಿಗೂ ಹೆಚ್ಚು ನಗದು ಸಿಕ್ಕಿತು, ರಾಜ್ಯದಲ್ಲಿ ನಗದು, ಮದ್ಯ, ಉಡುಗೊರೆ ಎಲ್ಲ ಸೇರಿ ಜಪ್ತಿಯ ಮೌಲ್ಯ 375 ಕೋಟಿ ರೂಪಾಯಿ ಮುಟ್ಟಿತು. ತಪಾಸಣೆ ಸುಮ್ಮನೆ ನಡೆಯುತ್ತಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಅವರಾಗೇ ಕೊಟ್ರೆ ತಗೊಳ್ಳೋದ್ರಲ್ಲಿ ತಪ್ಪೇನು? ನಮಗೂ ಶಿಕ್ಷೆ ಆಗುತ್ತಾ?

ಓಟಿಗಾಗಿ ದುಡ್ಡು, ಉಡುಗೊರೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ನಿಯಮ ಈಗ ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ನೇ ಕಲಂಗಳಲ್ಲಿದೆ. ಶಿಕ್ಷೆ ಒಂದು ವರ್ಷದವರೆಗಿನ ಸೆರೆ ಅಥವಾ ದಂಡ, ಇಲ್ಲವೇ ಎರಡೂ. ಊಟ ಉಪಚಾರದ ರೂಪದ ಲಂಚಕ್ಕೆ ದಂಡ ಮಾತ್ರ. ಇನ್ನು ಗೆದ್ದ ಅಭ್ಯರ್ಥಿ ಲಂಚ ಕೊಟ್ಟಿದ್ದು ಹೈಕೋರ್ಟಿನಲ್ಲಿ ಸಾಬೀತಾದರೆ ಆಯ್ಕೆಯೇ ಅಸಿಂಧುವಾಗುತ್ತದೆ. ಹಂಚುತ್ತಿರುವುದನ್ನು ಕಂಡವರು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಚಿತ್ರ ಹಾಕಿ ಕಳಿಸಿದರೆ 100 ನಿಮಿಷದೊಳಗೆ ಕ್ರಮ ಕೈಗೊಳ್ಳುವ ವ್ಯವಸ್ಥೆಯಿದೆ, ಹೆಸರು ಹೇಳದೆಯೂ ಕಳಿಸಬಹುದು.

ಒಂದು ಸಭೆಯಲ್ಲಿ ಹಿರಿಯ ತಾಯಿಯೊಬ್ಬರು, "ಅದು ನಮ್ಮ ದುಡ್ಡೇ ಅಲ್ವಾ ಸಾಮಿ, ವಾಪಸ್ ಬರ್ತಾ ಐತೆ" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ಆ ಮಾತನ್ನು ಒಪ್ಪುವುದಿಲ್ಲ, ಮತ್ತು ಓಟಿಗೆ ಕೊಟ್ಟ ಆ ಐನೂರು ರೂಪಾಯಿ ಯಾವ ಗುತ್ತಿಗೆಯಿಂದ ಮತ್ತೆ ವಸೂಲಾಗುತ್ತದೆ ಎಂಬುದು ಅವರ ಕೈಯಲ್ಲಿ ಇರುವುದಿಲ್ಲ.

ಅಭಿಮಾನಕ್ಕೆ ನನ್ನ ಸ್ವಂತ ದುಡ್ಡಲ್ಲಿ ಕರಪತ್ರ ಹಾಕ್ಸಿ ಹಂಚಬಹುದಾ?

ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಖರ್ಚು ಮಾಡುವುದು ಅಪರಾಧ. ಒಪ್ಪಿಗೆ ಇದ್ದರೆ ಅದು ಅವರ ಲೆಕ್ಕಕ್ಕೆ ಹೋಗುತ್ತದೆ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂನಂತೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರಿನ ಪ್ರೆಸ್‌ನವರು ಹೆಸರು ಹಾಕಲು ಹಿಂದೆಮುಂದೆ ನೋಡಿದರೆ ಅಲ್ಲಿ ಮುದ್ರಿಸಬೇಡಿ.

## ಒಳಗಿನ ಲೆಕ್ಕ

ಕ್ಯಾಂಡಿಡೇಟ್‌ಗೆ ಮಿತಿ ಇದೆ, ಪಾರ್ಟಿಗೆ ಯಾಕಿಲ್ಲ?

ಈ ಪಟ್ಟಿಯಲ್ಲಿ ನನಗೆ ಅತಿ ಮುಖ್ಯವೆನಿಸುವ ಪ್ರಶ್ನೆ ಇದು. ಪಕ್ಷದ ಖರ್ಚಿಗೆ ನಮ್ಮ ಕಾನೂನಿನಲ್ಲಿ ಯಾವ ಮಿತಿಯೂ ಇಲ್ಲ. ಅದು ಮರೆವಿನಿಂದ ಬಿಟ್ಟುಹೋದದ್ದೂ ಅಲ್ಲ.

1971ರ ಲೋಕಸಭಾ ಚುನಾವಣೆಯಲ್ಲಿ ದೆಹಲಿಯ ಸದರ್ ಕ್ಷೇತ್ರದ ಆಯ್ಕೆಯನ್ನು ಪ್ರಶ್ನಿಸಿದ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಅಭ್ಯರ್ಥಿಗೆ ತಿಳಿದು, ಅವರ ಒಪ್ಪಿಗೆಯಿಂದ, ನಿರ್ದಿಷ್ಟವಾಗಿ ಅವರಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಖರ್ಚೆಂದೇ ಎಣಿಸಬೇಕು, ಇಲ್ಲದಿದ್ದರೆ ಮಿತಿಗೆ ಅರ್ಥವೇ ಇರುವುದಿಲ್ಲ ಎಂಬುದು ಅದರ ಸಾರ. ಆ ವರ್ಷ ಮುಗಿಯುವುದರೊಳಗೆ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಂಗೆ ವಿವರಣೆಯೊಂದನ್ನು ಸೇರಿಸಿ, ಪಕ್ಷವಾಗಲಿ ಹಿತೈಷಿಗಳಾಗಲಿ ಮಾಡಿದ ಖರ್ಚು ಅಭ್ಯರ್ಥಿಯದ್ದಲ್ಲ ಎಂದು ಕಾನೂನನ್ನೇ ಬದಲಿಸಲಾಯಿತು. ಸುಮಾರು ಮೂರು ದಶಕ ಈ ಬಾಗಿಲು ಪೂರ್ತಿ ತೆರೆದೇ ಇತ್ತು. 2003ರ ತಿದ್ದುಪಡಿ ಹಿತೈಷಿಗಳ ಖರ್ಚಿಗೆ ಇದ್ದ ರಕ್ಷಣೆಯನ್ನು ತೆಗೆದು, ತಾರಾ ಪ್ರಚಾರಕರ ಪ್ರಯಾಣವನ್ನು ಮಾತ್ರ ಹೊರಗಿಟ್ಟಿತು. ಆದರೂ ಯಾವ ಅಭ್ಯರ್ಥಿಯ ಹೆಸರನ್ನೂ ಎತ್ತದೆ ಪಕ್ಷಕ್ಕೇ ಮತ ಕೇಳುವ ಜಾಹೀರಾತು, ಮೊಬೈಲಿಗೆ ಬರುವ ವಿಡಿಯೊ, ಪತ್ರಿಕೆಯ ಮುಖಪುಟ ಇವೆಲ್ಲ ಪಕ್ಷದ ಲೆಕ್ಕದಲ್ಲೇ ಉಳಿದಿವೆ, ಅಂದರೆ ಮಿತಿಯ ಹೊರಗೆ.

ಪಕ್ಷಕ್ಕೆ ಇರುವ ಕಟ್ಟುಪಾಡು ಲೆಕ್ಕ ಒಪ್ಪಿಸುವುದಷ್ಟೇ. 1996ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಪಕ್ಷಗಳು ವಿಧಾನಸಭಾ ಚುನಾವಣೆ ಮುಗಿದ 75 ದಿನಗಳಲ್ಲಿ, ಲೋಕಸಭಾ ಚುನಾವಣೆ ಮುಗಿದ 90 ದಿನಗಳಲ್ಲಿ ವೆಚ್ಚದ ವಿವರವನ್ನು ಆಯೋಗಕ್ಕೆ ಕೊಡುತ್ತಿವೆ. ಒಂದು ಕುರ್ಚಿಗೆ ದರ ಕಟ್ಟುವ ವ್ಯವಸ್ಥೆಯೇ ನೂರಾರು ಕೋಟಿಯ ಜಾಹೀರಾತಿನ ಮುಂದೆ ಕೈಕಟ್ಟಿ ನಿಲ್ಲುವುದು ನ್ಯಾಯವಲ್ಲ. ಪಕ್ಷೇತರರಾಗಿ, ಸಣ್ಣ ಪಕ್ಷದಿಂದ ನಿಲ್ಲುವವರಿಗೆ ಇದರಿಂದಾಗುವ ಅನ್ಯಾಯವನ್ನು ನಾನು ಊರೂರಲ್ಲಿ ಕಂಡಿದ್ದೇನೆ.

ಚುನಾವಣಾ ಬಾಂಡ್ ಅಂದ್ರೆ ಏನಾಗಿತ್ತು? ಈಗ್ಲೂ ಇದೆಯಾ?

ಈಗ ಇಲ್ಲ. 2018ರ ಜನವರಿಯಲ್ಲಿ ಜಾರಿಗೆ ಬಂದ ಯೋಜನೆಯಂತೆ, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನಿಗದಿತ ಶಾಖೆಗಳಲ್ಲಿ 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗಿನ ಬಾಂಡ್‌ಗಳನ್ನು ಕೊಂಡು ಪಕ್ಷಕ್ಕೆ ಕೊಡಬಹುದಿತ್ತು, ಪಕ್ಷವು 15 ದಿನಗಳೊಳಗೆ ಅದನ್ನು ಖಾತೆಗೆ ಹಾಕಿಕೊಳ್ಳಬೇಕಿತ್ತು. ಕೊಂಡವರು ಯಾರೆಂದು ಬ್ಯಾಂಕಿಗೆ ಗೊತ್ತು, ಬಾಂಡ್ ಮೇಲೆ ಹೆಸರಿಲ್ಲ, ಜನರಿಗೆ ಮಾಹಿತಿಯಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಈ ಗೋಪ್ಯತೆಯು ಮತದಾರರ ಮಾಹಿತಿಯ ಹಕ್ಕನ್ನು ಉಲ್ಲಂಘಿಸುತ್ತದೆ ಎಂದು ಯೋಜನೆಯನ್ನೇ ರದ್ದುಪಡಿಸಿತು. ಆ ಹೊತ್ತಿಗೆ 16,000 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ಬಾಂಡ್‌ಗಳು ಮಾರಾಟವಾಗಿದ್ದವು. ನ್ಯಾಯಾಲಯದ ಆದೇಶದಂತೆ 2019ರ ಏಪ್ರಿಲ್ 12ರಿಂದೀಚಿನ ವಿವರಗಳನ್ನು ಆಯೋಗ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಪ್ರತಿ ಬಾಂಡಿನ ಸಂಖ್ಯೆಯೂ ಹೊರಬಿದ್ದ ಮೇಲೆಯೇ ಯಾರು ಯಾವ ಪಕ್ಷಕ್ಕೆ ಕೊಟ್ಟರೆಂದು ತಾಳೆ ಹಾಕಲು ಸಾಧ್ಯವಾಯಿತು.

ಕಂಪನಿಗಳು ಎಷ್ಟು ಬೇಕಾದ್ರೂ ಕೊಡಬಹುದಾ? ಟ್ರಸ್ಟ್ ಅಂದ್ರೇನು?

ಕಂಪನಿ ದೇಣಿಗೆಯನ್ನು 1969ರಲ್ಲಿ ನಿಷೇಧಿಸಿ, 1985ರಲ್ಲಿ ಮತ್ತೆ ಅನುಮತಿಸಲಾಯಿತು. 2013ರ ಕಂಪನಿ ಕಾಯ್ದೆಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಹಾಕಿತ್ತು. 2017ರಲ್ಲಿ ಆ ಮಿತಿಯನ್ನು ತೆಗೆದುಹಾಕಿದ್ದರಿಂದ ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡುವಂತಾಯಿತು. ಬಾಂಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಅಸಾಂವಿಧಾನಿಕವೆಂದಿತು. ಮೂರು ವರ್ಷ ತುಂಬದ ಕಂಪನಿ ಪಕ್ಷಗಳಿಗೆ ದೇಣಿಗೆ ಕೊಡುವಂತಿಲ್ಲ.

ಚುನಾವಣಾ ಟ್ರಸ್ಟ್ 2013ರ ಯೋಜನೆಯ ಕೂಸು. ಕಂಪನಿಗಳಿಂದ, ವ್ಯಕ್ತಿಗಳಿಂದ ಹಣ ಪಡೆದು ಆ ವರ್ಷದ ದೇಣಿಗೆಯ ಶೇ 95ರಷ್ಟನ್ನು ಪಕ್ಷಗಳಿಗೆ ಕೊಡಬೇಕು. ಟ್ರಸ್ಟ್‌ಗೆ ಕೊಟ್ಟವರ ಹೆಸರೂ ಟ್ರಸ್ಟ್‌ನಿಂದ ಪಡೆದ ಪಕ್ಷದ ಹೆಸರೂ ವರದಿಯಲ್ಲಿರುತ್ತವೆ. ಹತ್ತು ಕಂಪನಿಗಳ ಹಣ ಒಂದೇ ಗಡಿಗೆಗೆ ಬಿದ್ದ ಮೇಲೆ ಯಾರ ಹಣ ಯಾವ ಪಕ್ಷಕ್ಕೆ ಹೋಯಿತೆಂದು ಬಿಡಿಸಿ ಹೇಳುವುದು ಮಾತ್ರ ಆಗುವುದಿಲ್ಲ.

ಸುಳ್ಳು ಲೆಕ್ಕ ಕೊಟ್ರೆ ಏನೂ ಆಗಲ್ಲ ಅಂತಾರಲ್ಲ?

ಆಗಿರುವುದು ಅಪರೂಪ, ಆದರೆ ಆಗಿದೆ. ಫಲಿತಾಂಶ ಬಂದ 30 ದಿನಗಳೊಳಗೆ, ಸೋತವರೂ ಸೇರಿ ಎಲ್ಲ ಅಭ್ಯರ್ಥಿಗಳು ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ತಪ್ಪಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 10ಎ ಕಲಂನಡಿ ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು, ಸುದ್ದಿಯ ರೂಪದಲ್ಲಿ ಪ್ರಕಟವಾದ ಜಾಹೀರಾತಿನ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು 2011ರಲ್ಲಿ ಆಯೋಗ ಅನರ್ಹಗೊಳಿಸಿತು. ಲೆಕ್ಕ ಕೊಟ್ಟರೆ ಸಾಕೋ, ಅದು ನಿಜವೋ ಎಂದೂ ಆಯೋಗ ನೋಡಬಹುದೋ ಎಂಬ ತಕರಾರಿಗೆ 2014ರಲ್ಲಿ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಅಶೋಕ್ ಚವಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದು, ನಿಜವೋ ಅಲ್ಲವೋ ಎಂದು ವಿಚಾರಿಸುವ ಅಧಿಕಾರ ಆಯೋಗಕ್ಕಿದೆ ಎಂದಿತು. ಮಿತಿ ಮೀರಿದ ಖರ್ಚು 123(6)ನೇ ಕಲಂನಂತೆ ಭ್ರಷ್ಟ ಆಚರಣೆ. ಅದನ್ನು ಫಲಿತಾಂಶದ ನಂತರ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಿ ಸಾಬೀತುಪಡಿಸಬೇಕು.

ಈ ಲೆಕ್ಕ ನಮ್ಮಂಥವರಿಗೂ ತೋರಿಸ್ತಾರಾ?

ತೋರಿಸಲೇಬೇಕು. 1961ರ ಚುನಾವಣಾ ನಿರ್ವಹಣಾ ನಿಯಮಗಳ 88ನೇ ನಿಯಮದಂತೆ ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ಅಭ್ಯರ್ಥಿಯ ವೆಚ್ಚದ ಲೆಕ್ಕವನ್ನು ನೋಡಬಹುದು, ನಿಗದಿತ ಶುಲ್ಕಕ್ಕೆ ದೃಢೀಕೃತ ನಕಲನ್ನೂ ಪಡೆಯಬಹುದು. ಮತದಾರನೆಂದು ಸಾಬೀತುಪಡಿಸಬೇಕೆಂದಾಗಲಿ ಕಾರಣ ಹೇಳಬೇಕೆಂದಾಗಲಿ ಆ ನಿಯಮದಲ್ಲಿ ಇಲ್ಲ. ಲೆಕ್ಕ ಸಲ್ಲಿಕೆಯಾದ ಎರಡು ದಿನಗಳಲ್ಲಿ ಅದರ ಸೂಚನೆಯನ್ನು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು, ಅಲ್ಲಿಂದ ದಿನಾಂಕ ಗುರುತು ಹಾಕಿಕೊಳ್ಳಿ.

ನಾನು ಮೊದಲ ಸಲ ಇಂಥದ್ದೊಂದು ಕಡತ ತೆರೆದಾಗ ಮೊತ್ತಗಳನ್ನು ಕೂಡಿಸುತ್ತಾ ಕುಳಿತೆ, ಏನೂ ತಿಳಿಯಲಿಲ್ಲ. ಎರಡನೆಯ ಸಲ ವಾಹನಗಳ ಅನುಮತಿ ಪತ್ರಗಳನ್ನು ಪಕ್ಕಕ್ಕಿಟ್ಟುಕೊಂಡು ಡೀಸೆಲ್ ಬಿಲ್ಲು ಎಣಿಸಿದೆ. ಹದಿನಾಲ್ಕು ವಾಹನಗಳಿಗೆ ಅನುಮತಿ ಇತ್ತು, ಡೀಸೆಲ್ ತೋರಿಸಿದ್ದು ಐದಕ್ಕೆ. ಆದ್ದರಿಂದ ಮೊತ್ತದಿಂದ ಶುರುಮಾಡಬೇಡಿ. ಪ್ರಚಾರದ ದಿನಗಳಲ್ಲೇ ನಿಮ್ಮ ಊರಲ್ಲಿ ಓಡಾಡಿದ ವಾಹನಗಳ ನಂಬರು, ಸಭೆ ನಡೆದ ದಿನ, ಕಟ್ಟಿದ ಫ್ಲೆಕ್ಸ್‌ಗಳ ಸಂಖ್ಯೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಅಭ್ಯರ್ಥಿಯ ಲೆಕ್ಕದ ಪುಸ್ತಕದಲ್ಲಿ ದಿನವಹಿ ಖರ್ಚಿನ ಬಿಳಿ ಹಾಳೆಗಳಲ್ಲಿ ಅದೇ ದಿನಾಂಕಗಳನ್ನು ಹುಡುಕಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಸಿಗುವ ಸ್ಕ್ಯಾನ್ ಪ್ರತಿ ಮಸುಕಾಗಿದ್ದರೆ ಅದನ್ನೇ ನೆಚ್ಚಿಕೊಳ್ಳದೆ ಕಚೇರಿಗೆ ಹೋಗಿ ಮೂಲ ಪ್ರತಿಯನ್ನೇ ಕೇಳಿ ನೋಡಿ.